ಹಿರಿಯರ ಕೈಯ ಕೆಲಸ ಕಿತ್ತುಕೊಳ್ಳಬೇಡಿ

"ಡಾಕ್ಟ್ರೇ, ನೂರು ವರ್ಷ ಬದುಕಬೇಕಾದರೆ ಏನು ತಿನ್ನಬೇಕು?"

ಚಿಕಿತ್ಸಾಲಯದಲ್ಲಿ ನನಗೆ ಅತಿ ಹೆಚ್ಚು ಸಲ ಎದುರಾಗುವ ಪ್ರಶ್ನೆಗಳಲ್ಲಿ ಇದೂ ಒಂದು. ಕೇಳುವವರಲ್ಲಿ ಹೆಚ್ಚಿನವರು ಐವತ್ತರ ಆಸುಪಾಸಿನವರು. ರಕ್ತದೊತ್ತಡ ಆಗಷ್ಟೇ ಸ್ವಲ್ಪ ಏರಿರುತ್ತದೆ. ಪತ್ರಿಕೆಯಲ್ಲಿ ಯಾರೋ ಶತಾಯುಷಿಯ ಫೋಟೋ ನೋಡಿರುತ್ತಾರೆ. ಅವರು ಬೆಳಿಗ್ಗೆ ರಾಗಿಗಂಜಿ ಕುಡಿಯುತ್ತಿದ್ದರಂತೆ, ರಾತ್ರಿ ಊಟವನ್ನೇ ಬಿಟ್ಟಿದ್ದರಂತೆ, ದಿನಾ ಒಂದು ಚಮಚ ಜೇನುತುಪ್ಪ ತಿನ್ನುತ್ತಿದ್ದರಂತೆ. "ನಾನೂ ಹಾಗೆ ಮಾಡಬಹುದೇ?" ಎಂದು ಕೇಳುತ್ತಾರೆ.

ಮಾಡಿ, ರಾಗಿಗಂಜಿಯಿಂದ ಯಾರಿಗೂ ತೊಂದರೆಯಿಲ್ಲ. ಆದರೆ ದೀರ್ಘಕಾಲ ಬದುಕಿದ ದೊಡ್ಡವರ ಊಟದ ತಟ್ಟೆಯನ್ನು ಇಣುಕಿ ನೋಡಿ ಆಯುಷ್ಯದ ಗುಟ್ಟು ಹುಡುಕಲು ಹೊರಟರೆ ನೀವು ಬಹಳ ಬೇಗ ಗೊಂದಲಕ್ಕೆ ಬೀಳುತ್ತೀರಿ. ಹೇಗೆಂದು ನೋಡೋಣ.

ಒಬ್ಬೊಬ್ಬರದು ಒಂದೊಂದು ದಾರಿ

ಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ ಕಟ್ಟಾ ಪಾನನಿರೋಧವಾದಿ. ಸಸ್ಯಾಹಾರಿ. ಅವರ 'ಸ್ವಮೂತ್ರ ಚಿಕಿತ್ಸೆ'ಯ ಬಗ್ಗೆ ಆಗ ದೇಶವೆಲ್ಲ ಮಾತಾಡಿ ನಕ್ಕಿತ್ತು. ಅವರು 1896ರಲ್ಲಿ ಹುಟ್ಟಿ 1995ರಲ್ಲಿ ತೀರಿಕೊಂಡರು. ಆಗ ಅವರಿಗೆ 99 ವರ್ಷ. ಪತ್ರಕರ್ತ, ಕಾದಂಬರಿಕಾರ ಖುಷವಂತ್ ಸಿಂಗ್ ಸಂಜೆಯಾದರೆ ವಿಸ್ಕಿ ಕುಡಿಯುತ್ತಿದ್ದುದನ್ನು ತಾವೇ ಬರೆದುಕೊಂಡವರು. ಅವರು 1915ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡರು. ಅವರಿಗೂ 99!

ನಾಟಕಕಾರ ಬರ್ನಾರ್ಡ್ ಷಾ ಮಾಂಸ ಮುಟ್ಟದವರು, ಕುಡಿಯದವರು. 94 ವರ್ಷ ಬದುಕಿದರು. ವಿನ್‌ಸ್ಟನ್ ಚರ್ಚಿಲ್ ಬಾಯಿಂದ ಸಿಗಾರ್ ಇಳಿಸದವರು, ಮದ್ಯಪ್ರಿಯರು. ಅವರೂ 90 ವರ್ಷ ಬದುಕಿದರು. ದಾಖಲೆಗಳ ಪ್ರಕಾರ ಜಗತ್ತಿನಲ್ಲೇ ಅತಿ ಹೆಚ್ಚು ಕಾಲ, ಅಂದರೆ 122 ವರ್ಷ ಬದುಕಿ 1997ರಲ್ಲಿ ತೀರಿಕೊಂಡ ಫ್ರಾನ್ಸಿನ ಜೀನ್ ಕಾಲ್ಮೆಂಟ್ ಎಂಬ ಅಜ್ಜಿ ದಶಕಗಳ ಕಾಲ ಸಿಗರೇಟು ಸೇದಿದವರು.

ನಮ್ಮ ನಾಡಿಗೇ ಬನ್ನಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಪೂಜೆ, ದಾಸೋಹಗಳಲ್ಲೇ ಬದುಕು ಸವೆಸಿ 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. 'ದೇವರು' ಎಂಬ ಪುಸ್ತಕ ಬರೆದು ದೇವರ ಇರುವಿಕೆಯನ್ನೇ ಪ್ರಶ್ನಿಸಿದ ಎ.ಎನ್. ಮೂರ್ತಿರಾಯರು 1900ರಲ್ಲಿ ಹುಟ್ಟಿ 2003ರವರೆಗೆ, ಅಂದರೆ 103 ವರ್ಷ ಬಾಳಿದರು. ಆ ಪುಸ್ತಕ ಪ್ರಕಟವಾದಾಗ ಅವರು ತೊಂಬತ್ತನ್ನು ದಾಟಿದ್ದರು.

ಈಗ ಹೇಳಿ, ಯಾರನ್ನು ಅನುಸರಿಸುತ್ತೀರಿ?

ಸತ್ತವರ ಫೋಟೋ ಬರುವುದಿಲ್ಲ

ಇಲ್ಲಿ ನಾವು ಮಾಡುವ ತಪ್ಪು ಒಂದಿದೆ. ಬದುಕಿ ಉಳಿದವರನ್ನು ಮಾತ್ರ ನೋಡುತ್ತೇವೆ. ಸಿಗಾರ್ ಸೇದಿಯೂ ತೊಂಬತ್ತು ಮುಟ್ಟಿದ ಚರ್ಚಿಲ್ ನಮಗೆ ಕಾಣುತ್ತಾರೆ. ಬೀಡಿ ಸೇದಿ ಐವತ್ತೈದಕ್ಕೆ ಹೃದಯಾಘಾತವಾಗಿ ಹೋದ ಪಕ್ಕದ ಬೀದಿಯ ಅಂಗಡಿಯವನ ಫೋಟೋ ಯಾವ ಪತ್ರಿಕೆಯ ಮುಖಪುಟದಲ್ಲೂ ಬರುವುದಿಲ್ಲ. ಚರ್ಚಿಲ್ ಅವರಿಗೂ ಹಲವು ಸಲ ಪಾರ್ಶ್ವವಾಯು ಬಡಿದಿತ್ತು, ಕೊನೆಯ ವರ್ಷಗಳನ್ನು ಅವರು ಬಹಳ ದುರ್ಬಲರಾಗಿ ಕಳೆದರು ಎಂಬುದನ್ನೂ ಯಾರೂ ನೆನಪಿಸಿಕೊಳ್ಳುವುದಿಲ್ಲ.

"ಸೇದಿದವರೂ ಬದುಕಿಲ್ಲವೇ ಡಾಕ್ಟ್ರೇ?" ಎಂದು ಕೇಳುವವರಿಗೆ ನಾನು ಇನ್ನೊಬ್ಬ ದೀರ್ಘಾಯುಷಿಯ ಕತೆ ಹೇಳುತ್ತೇನೆ. ಅವರ ಹೆಸರು ರಿಚರ್ಡ್ ಡಾಲ್. ಇಂಗ್ಲೆಂಡಿನ ವೈದ್ಯರು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು 1950ರಲ್ಲಿ ತೋರಿಸಿಕೊಟ್ಟವರಲ್ಲಿ ಮುಖ್ಯರು. ಅವರೂ ಸಿಗರೇಟು ಸೇದುತ್ತಿದ್ದರು. ತಮ್ಮದೇ ಅಧ್ಯಯನದ ಅಂಕಿಗಳನ್ನು ಕಂಡು ಬಿಟ್ಟುಬಿಟ್ಟರು. ಅನಂತರ 1951ರಿಂದ ಬ್ರಿಟನ್ನಿನ 34 ಸಾವಿರಕ್ಕೂ ಹೆಚ್ಚು ವೈದ್ಯರ ಆರೋಗ್ಯವನ್ನು ಐವತ್ತು ವರ್ಷ ಬಿಡದೆ ಗಮನಿಸಿದರು. ಅದರ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಬಿಡದೆ ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ಸಾಯುತ್ತಾರೆ. ಮೂವತ್ತರಲ್ಲಿ ಬಿಟ್ಟವರು ಆ ಹತ್ತು ವರ್ಷಗಳನ್ನು ಹೆಚ್ಚುಕಡಿಮೆ ಪೂರ್ತಿ ಉಳಿಸಿಕೊಳ್ಳುತ್ತಾರೆ. ಐವತ್ತರಲ್ಲಿ ಬಿಟ್ಟವರಿಗೆ ಆರು ವರ್ಷ, ಅರವತ್ತರಲ್ಲಿ ಬಿಟ್ಟವರಿಗೂ ಮೂರು ವರ್ಷ ಉಳಿಯುತ್ತದೆ.

ಆ ವರದಿ ಪ್ರಕಟವಾದಾಗ ಡಾಲ್ ಅವರಿಗೆ 91 ವರ್ಷ. ಮರುವರ್ಷ, 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಚರ್ಚಿಲ್ ಉದಾಹರಣೆ ಕೊಡುವವರು ದಯವಿಟ್ಟು ಡಾಲ್ ಅವರನ್ನೂ ನೆನೆಯಿರಿ.

ಇನ್ನು, ಶಿಸ್ತಿನಿಂದ ಇದ್ದವರೆಲ್ಲ ದೀರ್ಘಕಾಲ ಬದುಕುತ್ತಾರೆಯೇ? ಅದೂ ಇಲ್ಲ. 1887ರಲ್ಲಿ ದಕ್ಷಿಣ ಭಾರತದಲ್ಲಿ ಇಬ್ಬರು ಮೇಧಾವಿಗಳು ಹುಟ್ಟಿದರು. ಒಬ್ಬರು ನಮ್ಮ ಡಿ.ವಿ. ಗುಂಡಪ್ಪ. ಇನ್ನೊಬ್ಬರು ಗಣಿತಜ್ಞ ಶ್ರೀನಿವಾಸ ರಾಮಾನುಜನ್. ಇಬ್ಬರದೂ ಸಸ್ಯಾಹಾರ, ಇಬ್ಬರದೂ ಸರಳ ಬದುಕು, ಇಬ್ಬರಿಗೂ ಕೆಲಸದಲ್ಲಿ ಅಪಾರ ಶ್ರದ್ಧೆ. ಡಿವಿಜಿ 1975ರವರೆಗೆ, 88 ವರ್ಷ ಬಾಳಿದರು. ರಾಮಾನುಜನ್ 1920ರಲ್ಲಿ, 32ಕ್ಕೇ ಹೋಗಿಬಿಟ್ಟರು. ಅವರಿಗೆ ಕ್ಷಯವೆಂದು ಚಿಕಿತ್ಸೆ ನಡೆದಿತ್ತು. ಅವರ ರೋಗದ ವಿವರಗಳನ್ನು ಬಹಳ ವರ್ಷಗಳ ನಂತರ ಪರಿಶೀಲಿಸಿದವರು ಅದು ಯಕೃತ್ತಿಗೆ ತಗುಲಿದ ಅಮೀಬಾ ಸೋಂಕು ಇದ್ದಿರಬಹುದು ಎಂದಿದ್ದಾರೆ. ಸರಿಯಾದ ರೋಗನಿರ್ಣಯ, ಸರಿಯಾದ ಔಷಧಿ, ಒಂದಷ್ಟು ಅದೃಷ್ಟ ಇವು ಮೂರೂ ಆಯುಷ್ಯದ ಪಾಲುದಾರರು. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷವಿತ್ತು. ಇಂದು ಅದು 70ರ ಆಸುಪಾಸಿನಲ್ಲಿದೆ. ಇದು ಜೇನುತುಪ್ಪದಿಂದ ಆದದ್ದಲ್ಲ. ಲಸಿಕೆ, ಶುದ್ಧ ನೀರು, ಸೋಂಕಿನ ಔಷಧಿ, ಸುರಕ್ಷಿತ ಹೆರಿಗೆ, ಹೊಟ್ಟೆತುಂಬ ಊಟ ಇವುಗಳಿಂದ ಆದದ್ದು.

ಅನುವಂಶೀಯತೆಯ ಪಾಲೂ ಇದೆ. ಅವಳಿಗಳ ಮೇಲೆ ನಡೆದ ಅಧ್ಯಯನಗಳು ಆಯುಷ್ಯದ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗ ವಂಶದಿಂದ ಬರುತ್ತದೆ ಎಂದವು. ಅದಕ್ಕಿಂತ ಹೆಚ್ಚು ಎನ್ನುವ ವಿಜ್ಞಾನಿಗಳೂ ಇದ್ದಾರೆ. ತಂದೆ ತಾಯಿಯರನ್ನು ಆರಿಸಿಕೊಳ್ಳುವ ಅವಕಾಶ ನಮಗಿಲ್ಲವಾದ್ದರಿಂದ ಆ ಮಾತು ಅಲ್ಲಿಗೇ ಬಿಡೋಣ.

ಹಾಗಾದರೆ ಅವರಿಂದ ಕಲಿಯುವುದೇನು?

ಹಾಗಿದ್ದರೆ ಈ ಹಿರಿಯರ ಬದುಕಿನಿಂದ ನಾವು ಕಲಿಯುವುದು ಏನೂ ಇಲ್ಲವೇ? ಇದೆ. ಅವರು ಏನು ತಿಂದರು ಎಂದು ಕೇಳುವುದನ್ನು ಬಿಟ್ಟು, ಎಂಬತ್ತರ ನಂತರ ಅವರು ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರು ಎಂದು ಕೇಳಿ ನೋಡಿ.

ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನಗಿರಿಯನ್ನು ತಾವಾಗಿಯೇ ಬಿಟ್ಟಾಗ ಅವರಿಗೆ ಇನ್ನೂ ಅರವತ್ತು ತುಂಬಿರಲಿಲ್ಲ. ಆಮೇಲೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ಆ ಅವಧಿಯಲ್ಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. ಬಿಹಾರದ ಮೊಕಾಮಾದಲ್ಲಿ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ಸಲಹೆ ನೀಡಿದಾಗ ಅವರಿಗೆ ತೊಂಬತ್ತಾಗಿತ್ತು. ಅವರ ಆತ್ಮಕಥನ 1951ರಲ್ಲಿ ಬಂತು. ಅದಕ್ಕೆ ಅವರು 'ನನ್ನ ಕೆಲಸದ ಬದುಕಿನ ನೆನಪುಗಳು' ಎಂಬ ಅರ್ಥದ ಹೆಸರಿಟ್ಟರು. 1962ರಲ್ಲಿ, ನೂರು ದಾಟಿ ತೀರಿಕೊಂಡರು.

ಶಿವರಾಮ ಕಾರಂತರು 1989ರಲ್ಲಿ, 87ನೆಯ ವಯಸ್ಸಿನಲ್ಲಿ ಉತ್ತರ ಕನ್ನಡದಿಂದ ಲೋಕಸಭಾ ಚುನಾವಣೆಗೆ ನಿಂತರು. ಗೆಲ್ಲುವ ಆಸೆಗಲ್ಲ, ಪರಿಸರದ ವಿಷಯವನ್ನು ಜನರ ಮುಂದಿಡಲು. ಸೋತರು. ಸೋತು ಮನೆಯಲ್ಲಿ ಕೂರಲಿಲ್ಲ. 1997ರಲ್ಲಿ 95 ವರ್ಷದವರಾಗಿ ತೀರಿಕೊಳ್ಳುವ ಕಾಲಕ್ಕೂ ಹಕ್ಕಿಗಳ ಬಗೆಗಿನ ಪುಸ್ತಕದ ಕೆಲಸದಲ್ಲಿ ತೊಡಗಿದ್ದರು.

ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣ ಶುರುಮಾಡಿದಾಗ ಎಪ್ಪತ್ತೈದು ದಾಟಿದ್ದರು. ಒಂದು ಪದದ ಅರ್ಥ ಕೇಳಿ ಯಾವುದೋ ಊರಿನ ಶಾಲಾ ಮಾಸ್ತರು ಬರೆದ ಪತ್ರಕ್ಕೆ ಉತ್ತರ ಹುಡುಕುವುದೇ ಅವರ ದಿನದ ಕೆಲಸವಾಗಿತ್ತು. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಅವರಿಗೆ 97. ತೀರಿಕೊಂಡದ್ದು 2021ರಲ್ಲಿ, 107ಕ್ಕೆ. ಅದೇ ವರ್ಷ ಹೋದ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರಿಗೆ 103. ನೂರರ ಆಸುಪಾಸಿನಲ್ಲೂ ಅವರು ಭೂಕಬಳಿಕೆಯ ವಿರುದ್ಧ ಧರಣಿ ಕೂತಿದ್ದರು.

ಓದು ಬರಹ ಬಲ್ಲವರ ಮಾತಾಯಿತು ಎನ್ನಬೇಡಿ. ಸಾಲುಮರದ ತಿಮ್ಮಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಗಂಡ ಚಿಕ್ಕಯ್ಯನವರ ಜೊತೆ ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯುದ್ದಕ್ಕೂ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ 114 ವರ್ಷವೆಂದು ಪತ್ರಿಕೆಗಳು ಬರೆದವು. ಹಳ್ಳಿಯಲ್ಲಿ ಜನನ ದಾಖಲೆಗಳು ಇಲ್ಲದ ಕಾಲದಲ್ಲಿ ಹುಟ್ಟಿದವರ ವಯಸ್ಸು ಒಂದೆರಡು ವರ್ಷ ಆಚೀಚೆ ಇರಬಹುದು. ಮರಗಳ ಲೆಕ್ಕದಲ್ಲಿ ಆ ಅನುಮಾನವಿಲ್ಲ, ಅವು ರಸ್ತೆಯ ಪಕ್ಕದಲ್ಲೇ ನಿಂತಿವೆ.

ಇವರೆಲ್ಲ ಗಟ್ಟಿಮುಟ್ಟಾಗಿದ್ದರು, ಅದಕ್ಕೇ ಕೆಲಸ ಮಾಡಿದರು ಎಂದು ನೀವು ಆಕ್ಷೇಪ ತೆಗೆಯಬಹುದು. ಆಕ್ಷೇಪ ಸರಿಯಾದದ್ದೇ. ಆರೋಗ್ಯವಿದ್ದುದರಿಂದ ಕೆಲಸವೋ, ಕೆಲಸವಿದ್ದುದರಿಂದ ಆರೋಗ್ಯವೋ ಎಂದು ಕೆಲವರ ಬದುಕು ನೋಡಿ ತೀರ್ಮಾನಿಸಲು ಬರುವುದಿಲ್ಲ. ಎರಡೂ ಒಂದನ್ನೊಂದು ಸಾಕುತ್ತವೆ ಎಂದಷ್ಟೇ ಹೇಳಬಹುದು. ಆದರೆ ಎಲ್ಲರೂ ಗಟ್ಟಿಮುಟ್ಟಾಗಿದ್ದರು ಎಂಬುದು ಮಾತ್ರ ನಿಜವಲ್ಲ.

ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದಾಗ ಎಲ್ಲೆಡೆ ಇನ್‌ಫ್ಲುಯೆಂಜಾ ಮಾರಿ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಒಂದಾದ ಮೇಲೊಂದು ಕಾಡಿದವು. ಈ ಹುಡುಗ ಉಳಿಯುತ್ತಾನೆ ಎಂದು ನಂಬಲು ಕಾರಣವೇ ಇರಲಿಲ್ಲ. ಆ ಹುಡುಗ 95 ವರ್ಷ ಬದುಕಿದ. ತೊಂಬತ್ತರ ನಂತರವೂ ದಿನನಿತ್ಯದ ಅಭ್ಯಾಸ ಬಿಡಲಿಲ್ಲ. ಗಮನಿಸಬೇಕಾದದ್ದೇನೆಂದರೆ, ಮರದ ಇಟ್ಟಿಗೆ, ಪಟ್ಟಿ, ಕುರ್ಚಿ, ದಿಂಬುಗಳ ಆಸರೆ ಪಡೆದು ಆಸನ ಹಾಕುವುದನ್ನು ಜಗತ್ತಿಗೆ ಕಲಿಸಿದವರು ಅವರೇ. ದೇಹಕ್ಕೆ ಆಗದಿದ್ದಾಗ ಅಭ್ಯಾಸವನ್ನು ಕೈಬಿಡಬೇಡ, ಆಸರೆ ಹಿಡಿದು ಮಾಡು ಎಂಬುದು ಅದರ ಅರ್ಥ.

ಗಂಗೂಬಾಯಿ ಹಾನಗಲ್ ಅವರ ಧ್ವನಿ ಚಿಕ್ಕಂದಿನಲ್ಲಿ ತೆಳುವಾಗಿತ್ತು. ಟಾನ್ಸಿಲ್ ಚಿಕಿತ್ಸೆಯ ನಂತರ ಅದು ಗಡಸಾಯಿತು. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಅವರು ಆ ಗಡಸು ಧ್ವನಿಯಲ್ಲೇ ಕಿರಾಣಾ ಘರಾಣೆಯ ದೊಡ್ಡ ಗಾಯಕಿಯಾದರು. ತೊಂಬತ್ತರ ಹೊಸ್ತಿಲಲ್ಲಿ ಮೂಳೆಮಜ್ಜೆಯ ಕ್ಯಾನ್ಸರ್ ಬಂತು. ಚಿಕಿತ್ಸೆ ಪಡೆದು ಗೆದ್ದರು. 2006ರಲ್ಲಿ, 93ರಲ್ಲಿ ಕೊನೆಯ ಕಛೇರಿ ಕೊಟ್ಟರು. 2009ರಲ್ಲಿ 96 ವರ್ಷದವರಾಗಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು.

ಶಿವಕುಮಾರ ಸ್ವಾಮಿಗಳಿಗೂ ನೂರು ದಾಟಿದ ಮೇಲೆ ಪಿತ್ತನಾಳದ ತೊಂದರೆಗೆ ಹಲವು ಸಲ ಸ್ಟೆಂಟ್ ಅಳವಡಿಸಬೇಕಾಯಿತು. ಆಧುನಿಕ ಚಿಕಿತ್ಸೆ ಬೇಡವೆಂದು ಅವರು ಹಟ ಹಿಡಿಯಲಿಲ್ಲ. ಚೇತರಿಸಿಕೊಂಡಾಗಲೆಲ್ಲ ಮಠದ ಮಕ್ಕಳ ಬಳಿಗೆ ಮರಳಿದರು. "ನಮ್ಮ ಹಿರಿಯರು ಮಾತ್ರೆ ನುಂಗದೆ ನೂರು ವರ್ಷ ಬಾಳಿದರು" ಎನ್ನುವವರು ಇದನ್ನು ಗಮನಿಸಬೇಕು.

ಅಂದರೆ ಇವರಿಗೂ ಕಾಯಿಲೆಗಳಿದ್ದವು. ಜೊತೆಗೆ, ನಾಳೆ ಬೆಳಿಗ್ಗೆ ಎದ್ದು ಮಾಡಬೇಕಾದ ಕೆಲಸವೊಂದು ಇತ್ತು. ಅದಕ್ಕಾಗಿ ಯಾರೋ ಕಾಯುತ್ತಿದ್ದರು.

ನನ್ನ ಮನೆಯಲ್ಲಿ ನಡೆದದ್ದು

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ ಎಂದು ಒಪ್ಪಿಕೊಳ್ಳಬೇಕು. ತಡವಾಗಿ ಕಲಿತೆ.

ನನ್ನ ತಂದೆ ಶಾಲಾ ಮಾಸ್ತರು. ನಿವೃತ್ತರಾದ ಮೇಲೂ ಊರಿನಲ್ಲೇ ಇದ್ದರು. ಹಿತ್ತಲಲ್ಲಿ ತೊಂಡೆಯ ಚಪ್ಪರ, ನಾಲ್ಕು ಬಾಳೆ, ಎರಡು ಮಲ್ಲಿಗೆ ಬಳ್ಳಿ. ಊರಿನವರು ಪಿಂಚಣಿಗೆ, ಪಹಣಿ ತಿದ್ದುಪಡಿಗೆ ಅರ್ಜಿ ಬರೆಸಿಕೊಳ್ಳಲು ಬರುತ್ತಿದ್ದರು. 74ನೆಯ ವಯಸ್ಸಿನಲ್ಲಿ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದರು. ಮೂಳೆ ಮುರಿದಿರಲಿಲ್ಲ. ಆದರೂ ನಾವು ಹೆದರಿ ನಗರದ ನಮ್ಮ ಮನೆಗೆ ಕರೆತಂದೆವು. "ದುಡಿದದ್ದು ಸಾಕಪ್ಪಾ, ಇನ್ನು ಆರಾಮಾಗಿ ಕೂತಿರಿ" ಎಂದೆ. ಹಾಲಿಗೆ ಹೊರಟರೆ ನನ್ನ ಹೆಂಡತಿ, "ನೀವ್ಯಾಕೆ ಮಾವಾ, ಮನೆಗೇ ತಂದುಕೊಡ್ತಾರೆ" ಎನ್ನುತ್ತಿದ್ದಳು. ಕುಂಡದ ಗಿಡಕ್ಕೆ ನೀರು ಹಾಕಲು ಹೋದರೆ, ಅಂಗಳ ಒದ್ದೆಯಾಗಿದೆ, ಜಾರುತ್ತೆ ಎಂದು ಮಕ್ಕಳು ಕೈಯಿಂದ ಚೆಂಬು ತೆಗೆದುಕೊಳ್ಳುತ್ತಿದ್ದರು. ಎಲ್ಲವೂ ಪ್ರೀತಿಯಿಂದಲೇ.

ಪ್ರತಿ ಭಾನುವಾರ ನಾನು ಅವರ ರಕ್ತದೊತ್ತಡ ನೋಡುತ್ತಿದ್ದೆ. ಚೆನ್ನಾಗಿಯೇ ಇರುತ್ತಿತ್ತು. ಮಗನಾಗಿ, ವೈದ್ಯನಾಗಿ ನನ್ನ ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತಿದ್ದೆ. ವರ್ಷ ಕಳೆಯುವಷ್ಟರಲ್ಲಿ ಕುರ್ಚಿಯಿಂದ ಏಳಲು ಅವರಿಗೆ ಇನ್ನೊಬ್ಬರ ಕೈ ಬೇಕಾಯಿತು. ಒಂದು ದಿನ, "ಇವತ್ತು ಯಾವ ವಾರ?" ಎಂದು ಕೇಳಿದರು. ಮರುದಿನವೂ ಕೇಳಿದರು. ಮರೆವಿನ ಕಾಯಿಲೆಯೇ ಇರಬೇಕೆಂದು ಗಾಬರಿಯಾಗಿ ಪರೀಕ್ಷೆಗಳನ್ನೆಲ್ಲ ಮಾಡಿಸಿದೆ. ಏನೂ ಸಿಗಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ ಅವರೇ ಹೇಳಿದರು: "ಶಾಲೆ ಇದ್ದಾಗ ವಾರ ಗೊತ್ತಿರಬೇಕಿತ್ತು. ಊರಲ್ಲಿ ಸಂತೆ ಇತ್ತು. ಇಲ್ಲಿ ಯಾವ ವಾರವಾದರೇನು?"

ಮೂರು ವರ್ಷ ಕಳೆದು ಅವರು ಹೋದರು. ಊರಿಗೆ ಕಳಿಸಿದ್ದರೆ ಇನ್ನೂ ಹೆಚ್ಚು ವರ್ಷ ಇರುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ಆ ಮೂರು ವರ್ಷ ಅವರಿಗೆ ವಾರ ಯಾವುದೆಂದು ಗೊತ್ತಿರುತ್ತಿತ್ತು.

ದೇಹ ಏನು ಹೇಳುತ್ತದೆ?

ಇದು ಬರೀ ಮನಸ್ಸಿನ ಮಾತಲ್ಲ. ಇಳಿವಯಸ್ಸಿನಲ್ಲಿ ಸ್ನಾಯುಗಳು ತಾವಾಗಿಯೇ ಕರಗುತ್ತಿರುತ್ತವೆ. ಬಳಸದಿದ್ದರೆ ಇನ್ನೂ ಬೇಗ ಕರಗುತ್ತವೆ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ಅಮೆರಿಕದಲ್ಲಿ ಪರೀಕ್ಷಿಸಿದರು. ಆ ಹತ್ತೇ ದಿನದಲ್ಲಿ ಅವರ ಕಾಲುಗಳು ಸರಾಸರಿ ಸುಮಾರು ಒಂದು ಕಿಲೋ ಮಾಂಸಲ ಭಾಗವನ್ನು ಕಳೆದುಕೊಂಡಿದ್ದವು. 2007ರಲ್ಲಿ ಈ ವರದಿ ಬಂತು.

ಇದರ ಇನ್ನೊಂದು ಮುಖವೂ ಇದೆ, ಅದು ಸಂತೋಷದ್ದು. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲಿನ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿಸಿದರು. ವ್ಯಾಯಾಮ ಪೂರೈಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು! ತೊಂಬತ್ತಾದರೂ ಸ್ನಾಯು ಪಾಠ ಕಲಿಯುತ್ತದೆ ಎಂದಾಯಿತು.

ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರಿಗೆ ಆ ವ್ಯಾಯಾಮಶಾಲೆ ಯಾವುದು? ಹಿತ್ತಲು, ಅಂಗಡಿ, ದೇವಸ್ಥಾನದ ಮೆಟ್ಟಿಲು, ಮೊಮ್ಮಗಳ ಶಾಲೆಯ ದಾರಿ. ಅದನ್ನೇ ನಾವು ಮುಚ್ಚಿಬಿಡುತ್ತೇವೆ.

ದುಡಿಮೆ ಬೇರೆ, ಕೆಲಸ ಬೇರೆ

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನನ್ನ ಮಾತನ್ನು ಹಿಡಿದುಕೊಂಡು ಹಿರಿಯರನ್ನು ದುಡಿಸಿಕೊಳ್ಳಬೇಡಿ. ಎಪ್ಪತ್ತರಲ್ಲೂ ಜಲ್ಲಿ ಹೊರುವ ಮುದುಕನಿಗೆ ಬೇಕಾದದ್ದು ಚಟುವಟಿಕೆಯಲ್ಲ. ಪಿಂಚಣಿ ಮತ್ತು ವಿಶ್ರಾಂತಿ. ಹಾಗೆಯೇ ನಮ್ಮ ಅಜ್ಜಿಯರ ಕತೆ. ಗಂಡಸರಿಗೆ ಅರವತ್ತಕ್ಕೆ ನಿವೃತ್ತಿಯಾದರೆ ಹೆಂಗಸರಿಗೆ ನಿವೃತ್ತಿಯೇ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಮಗ ಸೊಸೆಯ ಡಬ್ಬಿ ಕಟ್ಟಿ, ಇಬ್ಬರು ಮೊಮ್ಮಕ್ಕಳನ್ನು ಸಂಜೆಯವರೆಗೆ ನೋಡಿಕೊಂಡು, ಮಂಡಿ ನೋವೆಂದು ನನ್ನ ಹತ್ತಿರ ಬರುವ ಅಜ್ಜಿಯರಿಗೆ "ಇನ್ನಷ್ಟು ಓಡಾಡಿ" ಎಂದು ಹೇಳಿದರೆ ಅದು ಕ್ರೌರ್ಯವಾದೀತು.

ಹಾಗಾದರೆ ಎಂಥ ಕೆಲಸ ಒಳ್ಳೆಯದು? ಮೂರು ಗುರುತು ಹೇಳುತ್ತೇನೆ. ಒಂದು, ಅದು ಅವರೇ ಆರಿಸಿಕೊಂಡದ್ದಾಗಿರಬೇಕು. ಎರಡು, ಅವರು ಮಾಡದಿದ್ದರೆ ಯಾರಿಗಾದರೂ ಗೊತ್ತಾಗುವಂತಿರಬೇಕು. ಮೂರು, ದಣಿವಾದಾಗ ನಿಲ್ಲಿಸುವ ಸ್ವಾತಂತ್ರ್ಯ ಅವರಿಗಿರಬೇಕು.

ಅದು ದೊಡ್ಡ ಕೆಲಸವೇ ಆಗಬೇಕೆಂದೂ ಇಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 92ನೆಯ ವಯಸ್ಸಿನಲ್ಲಿ ಜ್ಞಾನಪೀಠ ಪಡೆದವರು. ಆದರೆ ಬಸವನಗುಡಿಯ ಹಳಬರು ಈಗಲೂ ನೆನೆಯುವುದು ಅವರು ಕ್ಲಬ್ಬಿಗೆ ಹೋಗಿ ಗೆಳೆಯರ ಜೊತೆ ಇಸ್ಪೀಟು ಆಡುತ್ತಿದ್ದುದನ್ನು. ಎದುರಿಗೆ ಕೂತು ಎಲೆ ಹಾಕಲು ಯಾರೋ ಕಾಯುತ್ತಿದ್ದಾರೆ ಎಂಬುದೂ ಮನೆಯಿಂದ ಹೊರಗೆ ಕಾಲಿಡಲು ಸಾಕಾದ ಕಾರಣವೇ. ಮಾಸ್ತಿಯವರು 1986ರಲ್ಲಿ ತಮ್ಮ 95ನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡರು.

ನೀವು ಮಾಡಬಹುದಾದದ್ದು

ಮನೆಯಲ್ಲಿ ಅರವತ್ತೈದು ದಾಟಿದವರಿದ್ದರೆ, ಅಥವಾ ನೀವೇ ದಾಟಿದ್ದರೆ, ಈ ಕೆಲವು ಸಂಗತಿಗಳನ್ನು ಗಮನಿಸಿ:

1. ಬೀಳುವ ಭಯಕ್ಕೆ ಕೂರಿಸಬೇಡಿ, ಬೀಳದಂತೆ ಮನೆಯನ್ನು ಸರಿಪಡಿಸಿ. ಬರ್ನಾರ್ಡ್ ಷಾ 94ರಲ್ಲಿ ತೋಟದಲ್ಲಿ ಗಿಡ ಕತ್ತರಿಸುವಾಗ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು, ಮತ್ತೆ ಚೇತರಿಸಿಕೊಳ್ಳಲಿಲ್ಲ. ಬೀಳುವುದು ನಿಜವಾದ ಅಪಾಯವೇ. ಬಚ್ಚಲಲ್ಲಿ ಹಿಡಿಕೆ, ರಾತ್ರಿ ದಾರಿಗೊಂದು ಸಣ್ಣ ದೀಪ, ಜಾರದ ಚಪ್ಪಲಿ, ನೆಲದ ಮೇಲೆ ವೈರು ಚಾಪೆಗಳಿಲ್ಲದಂತೆ ನೋಡಿಕೊಳ್ಳುವುದು ಇವಿಷ್ಟಕ್ಕೆ ಹೆಚ್ಚು ಖರ್ಚಾಗದು. ಕೋಲು ಹಿಡಿಯಲು ನಾಚಿಕೆ ಬೇಡ. ಅಯ್ಯಂಗಾರರ ಮರದ ಇಟ್ಟಿಗೆಯನ್ನು ನೆನೆಯಿರಿ.

2. ಕಾಲಿನ ಬಲ ಕಾಪಾಡಿ. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿಟ್ಟು, ಸಾಧ್ಯವಾದರೆ ಕೈ ಊರದೆ, ಎದ್ದು ಕೂರುವುದನ್ನು ಅಭ್ಯಾಸ ಮಾಡಿ. ಐದರಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸಿ. ಹೃದಯದ ತೊಂದರೆ, ಮಂಡಿಯ ತೊಂದರೆ ಇದ್ದವರು ಮೊದಲು ನಿಮ್ಮ ವೈದ್ಯರನ್ನು ಕೇಳಿ.

3. ಕಣ್ಣು, ಕಿವಿ ಪರೀಕ್ಷಿಸಿ. ಕಾಣದವರು, ಕೇಳದವರು ಮೆಲ್ಲಗೆ ಮೂಲೆ ಸೇರುತ್ತಾರೆ. ಅದನ್ನು ನಾವು ಮುಪ್ಪು ಎಂದುಕೊಳ್ಳುತ್ತೇವೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇಂದು ಬಹಳ ಸುಲಭ. ಶ್ರವಣಯಂತ್ರ ಹಾಕಿಕೊಂಡವರು ಮತ್ತೆ ಮಾತಿನ ನಡುವೆ ಬರುತ್ತಾರೆ.

4. ರಕ್ತದೊತ್ತಡ, ಸಕ್ಕರೆ ಅಳೆಸಿ. ಮಾತ್ರೆ ಬರೆದುಕೊಟ್ಟಿದ್ದರೆ "ಈಗ ಆರಾಮಾಗಿದೆ" ಎಂದು ತಾವಾಗಿ ಬಿಡಬೇಡಿ. ಆರಾಮಾಗಿರುವುದು ಮಾತ್ರೆಯಿಂದಲೇ ಇರಬಹುದು.

5. ತಂಬಾಕು ಬಿಡಿ. ಬೀಡಿ, ಸಿಗರೇಟು ಮಾತ್ರವಲ್ಲ, ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನೂ ಬಿಡಿ. ಅರವತ್ತಾಯಿತು, ಇನ್ನೇನು ಎನ್ನಬೇಡಿ. ಡಾಲ್ ಲೆಕ್ಕದಲ್ಲಿ ಅರವತ್ತಕ್ಕೂ ಮೂರು ವರ್ಷವಿದೆ.

6. ಊಟದಲ್ಲಿ ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು ಇರಲಿ. ವಯಸ್ಸಾಯಿತೆಂದು ಬರೀ ಗಂಜಿ, ಬ್ರೆಡ್ಡಿಗೆ ಇಳಿಸಿದರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಪ್ರಮಾಣವನ್ನು ವೈದ್ಯರಿಂದ ತಿಳಿದುಕೊಳ್ಳಿ.

7. ಕೊನೆಯದು, ನನ್ನ ಮಟ್ಟಿಗೆ ಮುಖ್ಯವಾದದ್ದು. ಇಂದು ಸಂಜೆ ಮನೆಯ ಹಿರಿಯರನ್ನು ಕೇಳಿ: "ನಾಳೆ ನೀವು ಏನು ಮಾಡಬೇಕೆಂದಿದ್ದೀರಿ?" ಉತ್ತರ ಬಂದರೆ ಸಂತೋಷ. "ಏನೋ, ಹೀಗೇ" ಎಂದರೆ ಅದನ್ನು ಸಕ್ಕರೆ ಕಾಯಿಲೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ಅವರು ಯಾವ ಕೆಲಸ ಬಿಟ್ಟರು, ಯಾರು ಬಿಡಿಸಿದರು ಎಂದು ಯೋಚಿಸಿ. ಮೊದಲು ಲವಲವಿಕೆಯಿಂದಿದ್ದವರು ವಾರಗಟ್ಟಲೆ ಮಂಕಾಗಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ ಅದು ಖಿನ್ನತೆಯೂ ಇರಬಹುದು. ಅದಕ್ಕೂ ಒಳ್ಳೆಯ ಚಿಕಿತ್ಸೆ ಇದೆ, ವೈದ್ಯರಿಗೆ ತೋರಿಸಿ.

ನೂರು ವರ್ಷ ಬದುಕುವುದು ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಅದರಲ್ಲಿ ವಂಶದ ಪಾಲಿದೆ, ಹಣದ ಪಾಲಿದೆ, ಹತ್ತಿರದಲ್ಲಿ ಆಸ್ಪತ್ರೆ ಇದೆಯೋ ಇಲ್ಲವೋ ಎಂಬುದರ ಪಾಲಿದೆ. ಆದರೆ ಮನೆಯ ಹಿರಿಯರ ಕೈಗೆ ಚೆಂಬು ಮರಳಿ ಕೊಡುವುದು ನಮ್ಮ ಕೈಯಲ್ಲಿದೆ. ಅಂಗಳ ಒದ್ದೆಯಾಗಿದ್ದರೆ ಒರೆಸಿ. ಚೆಂಬನ್ನು ಮಾತ್ರ ಕಿತ್ತುಕೊಳ್ಳಬೇಡಿ.